ಹಾಸನ ಸೋಲಿಸಿತು, ಚಿಕ್ಕಮಗಳೂರು ಗೆಲ್ಲಿಸಿತು

1977ರ ಮಾರ್ಚ್ ಚುನಾವಣೆಯಲ್ಲಿ ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳ ಪೈಕಿ 26 ಕಾಂಗ್ರೆಸ್ ಪಾಲಾದವು. ಉತ್ತರ ಭಾರತದಲ್ಲಿ ಆ ಪಕ್ಷ ನೆಲಕಚ್ಚಿತ್ತು. ರಾಯ್‌ಬರೇಲಿಯಲ್ಲಿ ಸ್ವತಃ ಇಂದಿರಾ ಗಾಂಧಿ ರಾಜ್‌ನಾರಾಯಣ್ ಎದುರು 55 ಸಾವಿರ ಮತಗಳಿಂದ ಸೋತಿದ್ದರು. ನಮ್ಮಲ್ಲಿ ಕಾಂಗ್ರೆಸ್‌ನ ಕೈತಪ್ಪಿದ್ದು ಎರಡೇ ಕ್ಷೇತ್ರ: ಬೆಂಗಳೂರು ದಕ್ಷಿಣ ಮತ್ತು ನಮ್ಮ ಹಾಸನ. ಇಲ್ಲಿ ಜನತಾ ಪಕ್ಷದ ಎಸ್. ನಂಜೇಶಗೌಡರು ಗೆದ್ದರು. ಮರುವರ್ಷದ ನವೆಂಬರ್‌ನಲ್ಲಿ ಪಕ್ಕದ ಚಿಕ್ಕಮಗಳೂರು ಅದೇ ಇಂದಿರಾ ಅವರನ್ನು 77 ಸಾವಿರಕ್ಕೂ ಜಾಸ್ತಿ ಮತಗಳ ಅಂತರದಲ್ಲಿ ಗೆಲ್ಲಿಸಿ ದೆಹಲಿಗೆ ಕಳಿಸಿತು.

ಸಕಲೇಶಪುರ ದಾಟಿದರೆ ಮೂಡಿಗೆರೆ. ಎರಡೂ ಕಡೆ ಅದೇ ಕಾಫಿ, ಅದೇ ಗದ್ದೆ, ನೆಂಟಸ್ತಿಕೆಯೂ ಹಾಗೇ ಹೆಣೆದುಕೊಂಡಿದೆ. ಹಾಗಿದ್ದೂ ಒಂದು ಜಿಲ್ಲೆ ಬೇಡ ಅಂದವರನ್ನು ಇನ್ನೊಂದು ಜಿಲ್ಲೆ ಯಾಕೆ ಕರೆದು ಕೂರಿಸಿತು? ಈ ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ. ಕೆಟ್ಟ ಆಡಳಿತ ಬರೀ ಹೆದರಿಕೆಯಿಂದ ನಡೆಯುವುದಿಲ್ಲ ಅನ್ನುವುದು ನನಗೆ ಅರ್ಥವಾಗಿದ್ದು ಈ ಪ್ರಶ್ನೆಯ ಹಿಂದೆ ಬಿದ್ದ ಮೇಲೆ. ಅದು ಋಣದ ಮೇಲೂ ನಡೆಯುತ್ತದೆ.

ಹೆದರಿಕೆಯ ಕಥೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಅವರ ಆಯ್ಕೆಯನ್ನೇ ರದ್ದು ಮಾಡಿತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ದೆಹಲಿಯ ಪತ್ರಿಕಾ ಕಚೇರಿಗಳ ಕರೆಂಟ್ ತೆಗೆದರು. ಬೆಳಗ್ಗೆ ರೇಡಿಯೋದಲ್ಲಿ ಪ್ರಧಾನಿ, ಗಾಬರಿಪಡುವಂಥದ್ದೇನೂ ಇಲ್ಲ ಅಂದರು. ಮುಂದಿನ 21 ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ವಿಚಾರಣೆಯಿಲ್ಲದೆ ಜೈಲು ಸೇರಿದರು. ಇದಕ್ಕೆ ಬಳಕೆಯಾದ ಮೀಸಾ ಕಾಯ್ದೆ 1971ರಲ್ಲೇ ಬಂದಿತ್ತು. ಈ ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ತುರ್ತು ಪರಿಸ್ಥಿತಿ ಆ ಕಾಯ್ದೆಯನ್ನು ಹುಟ್ಟಿಸಲಿಲ್ಲ. ಆಯುಧ ಮೊದಲೇ ಇತ್ತು, ಸುಮ್ನೆ ಕೈಗೆತ್ತಿಕೊಂಡರು ಅಷ್ಟೆ.

ಪಾರ್ಲಿಮೆಂಟ್ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಅಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ನಮ್ಮ ಹೊಳೆನರಸೀಪುರದ ಶಾಸಕ, ವಿಧಾನಸಭೆಯ ವಿರೋಧ ಪಕ್ಷದ ನಾಯಕ ದೇವೇಗೌಡರೂ ಅದೇ ಜೈಲು ಕಂಡರು. ಅಸ್ತಮಾ ಇದ್ದ ನಟಿ ಸ್ನೇಹಲತಾ ರೆಡ್ಡಿ ಅಲ್ಲೇ ತಿಂಗಳುಗಟ್ಟಲೆ ನರಳಿದರು. ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಲಿಲ್ಲ. ಆ ಜೈಲು ಈಗ ಫ್ರೀಡಂ ಪಾರ್ಕ್. ಬೆಂಗಳೂರಿಗೆ ಹೋದಾಗ ಒಳಗೆ ಹೋಗಿ ಆ ಸೆಲ್‌ಗಳ ಮುಂದೆ ನಿಂತು ಬನ್ನಿ.

ಹಳ್ಳಿಯ ಕಡೆಗೆ ಹೆದರಿಕೆ ಬಂದಿದ್ದು ಬೇರೆ ವೇಷದಲ್ಲಿ. ನಮ್ಮಪ್ಪ ಆಲೂರು ಕಡೆ ಪ್ರೈಮರಿ ಮೇಷ್ಟ್ರು. ಮೇಷ್ಟ್ರುಗಳೂ ಸಂತಾನಹರಣ ಆಪರೇಷನ್ನಿಗೆ 'ಕೇಸ್', ಅಂದರೆ ಜನರನ್ನು, ತರಬೇಕು ಅಂತ ಮೇಲಿನವರು ಬಾಯಿಮಾತಲ್ಲಿ ಹೇಳಿದ್ದರು. ತರದಿದ್ದರೆ ಇನ್‌ಕ್ರಿಮೆಂಟ್ ಸಿಗಲ್ಲ, ದೂರದೂರಿಗೆ ವರ್ಗ ಆಗುತ್ತೆ ಅನ್ನೋ ಮಾತು. ಅಪ್ಪ ರಾತ್ರಿ ಲಾಟೀನು ಇಟ್ಟುಕೊಂಡು ಶಾಲೆಯ ದಾಖಲಾತಿ ಪುಸ್ತಕ ತಿರುವುತ್ತಿದ್ದರು. ಯಾವ ಹುಡುಗನ ಮನೆಯಲ್ಲಿ ಮಕ್ಕಳು ಜಾಸ್ತಿ ಅಂತ ನೋಡಿ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದರು. ಮಕ್ಕಳಿಗೆ ಅಕ್ಷರ ಕಲಿಸಲು ಬರೆದಿಟ್ಟ ಹೆಸರುಗಳು ಅವು. ಒಂದು ದಿನ ಗುರುತು ಹಾಕಿದ್ದನ್ನೆಲ್ಲ ರಬ್ಬರಿನಿಂದ ಅಳಿಸಿದರು. ಅದಕ್ಕೆ ಅವರು ಏನು ತೆತ್ತರೋ ನಮಗೆ ಹೇಳಲಿಲ್ಲ. ಉತ್ತರ ಭಾರತದಷ್ಟು ಬಲವಂತ ನಮ್ಮ ಕಡೆ ನಡೆಯಲಿಲ್ಲ ನಿಜ. ಆದರೆ ಆ ಒಂದೇ ವರ್ಷ, 1976-77ರಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಅಷ್ಟನ್ನೂ ಪೊಲೀಸರು ಮಾಡಿಸಲಿಲ್ಲ. ನಮ್ಮಪ್ಪನಂಥ ಸಣ್ಣ ನೌಕರರಿಂದ ಮಾಡಿಸಿದರು.

ಕೋರ್ಟ್ ಇರಲಿಲ್ಲವೇ ಅಂದರೆ, ಇತ್ತು. ಬೆಂಗಳೂರಿನಲ್ಲಿ ಬಂಧಿತರಾದ ನಾಯಕರು ಕರ್ನಾಟಕ ಹೈಕೋರ್ಟಿಗೇ ಹೋದರು. ಇಲ್ಲಿನ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಸದಾನಂದಸ್ವಾಮಿ ಅವರನ್ನು ಸರ್ಕಾರ ಬೇರೆ ರಾಜ್ಯಗಳಿಗೆ ವರ್ಗ ಮಾಡಿತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ತುರ್ತು ಪರಿಸ್ಥಿತಿ ಇರುವಾಗ ಬಂಧಿತರು ಬಿಡುಗಡೆಗೆ ಕೋರ್ಟ್ ಮೆಟ್ಟಿಲು ಹತ್ತುವಂತಿಲ್ಲ ಅಂದಿತು. ಐವರಲ್ಲಿ ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ ಕಿರಿಯರಿಗೆ ಹೋಯಿತು. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಲು 2017 ಬರಬೇಕಾಯಿತು. ಅದಕ್ಕೆ ದಾರಿಯಾದ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇನ್ನು ಋಣದ ಮಾತು. ಇದನ್ನು ನಮ್ಮಲ್ಲಿ ಕಡಿಮೆ ಮಾತಾಡುತ್ತಾರೆ.

ದೇವರಾಜ ಅರಸರ ಭೂಸುಧಾರಣೆ 1974ರ ಮಾರ್ಚ್‌ನಿಂದ ಜಾರಿಗೆ ಬಂತು. ಗೇಣಿದಾರರು ಡಿಕ್ಲರೇಷನ್ ಹಾಕಿದರೆ ಭೂ ನ್ಯಾಯ ಮಂಡಳಿ ವಿಚಾರಿಸಿ ಉಳುವವರ ಹೆಸರಿಗೆ ಭೂಮಿ ಮಾಡಿಕೊಡುತ್ತಿತ್ತು. 1975ರ ಕೊನೆಗೆ ಜೀತ ರದ್ದಾಯಿತು. 1976ರಲ್ಲಿ ಬಡವರ ಸಾಲ ಮನ್ನಾಕ್ಕೆ ಕಾನೂನು ಬಂತು. ಹೀಗಾಗಿ ಮಲೆನಾಡಿನ ಎಷ್ಟೋ ಮನೆಗಳಿಗೆ ತುರ್ತು ಪರಿಸ್ಥಿತಿ ಅಂದರೆ ಜೈಲಲ್ಲ, ಪಹಣಿಯಲ್ಲಿ ಬಂದ ಹೆಸರು.

ಕೊಪ್ಪದ ಹತ್ತಿರ ಒಬ್ಬ ಅಜ್ಜಿ ನನಗೆ ಆ ಕಾಗದ ತೋರಿಸಿದ್ದರು. ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಮಡಿಸಿದ ಕಡೆಯೆಲ್ಲ ಹರಿದು ಹಿಂದಿನಿಂದ ಕಾಗದ ಅಂಟಿಸಿತ್ತು. "ಸುಗ್ಗಿ ಬಂತಂದ್ರೆ ಒಡೆಯರ ಅಂಗಳಕ್ಕೆ ಗೇಣಿ ಅಳೀಬೇಕಿತ್ತು. ನಮಗೆ ಉಳಿತಿದ್ದದ್ದು ಜೊಳ್ಳು. ಅದು ನಿಂತಿತಲ್ಲ, ಅದಕ್ಕೇ ಇಂದ್ರಮ್ಮಂಗೆ ಓಟು ಹಾಕಿದ್ವಿ" ಅಂದರು. ಜೈಲಿಗೆ ಹಾಕಿದ್ದು ಗೊತ್ತಿತ್ತಾ ಅಜ್ಜಿ ಅಂತ ಕೇಳಿದೆ. "ಕೇಳಿದ್ವಿ ಮಗಾ. ದೊಡ್ಡವರ ಜಗಳ ಅಂದ್ಕೊಂಡ್ವಿ" ಅಂದರು.

ಅವರ ಮಾತಿಗೆ ನಾನು ತಲೆಬಾಗುತ್ತೇನೆ. ಗೇಣಿ ಅಳೆದು ಗೊತ್ತಿಲ್ಲದವರು ಅವರನ್ನು ಹೀಗಳೆಯಬಾರದು. ಆದರೆ ಅವರ ಭೂಮಿಗೂ ಸ್ನೇಹಲತಾ ಅವರ ಸಾವಿಗೂ ಸಂಬಂಧ ಇರಬೇಕಾಗಿರಲಿಲ್ಲ. ಭೂಸುಧಾರಣೆ ಕಾನೂನು ತುರ್ತು ಪರಿಸ್ಥಿತಿಗಿಂತ ಒಂದು ವರ್ಷಕ್ಕೂ ಮೊದಲೇ, ವಿಧಾನಸಭೆ ತೆರೆದಿದ್ದಾಗ, ಪತ್ರಿಕೆಗಳು ಬೇಕಾದ್ದು ಬರೆಯುತ್ತಿದ್ದಾಗ ಬಂದದ್ದು. ಯಾರ ಬಾಯಿ ಮುಚ್ಚಿಸದೆಯೂ ಅದು ಆಗುತ್ತಿತ್ತು. ಅಲ್ಲದೆ ಆ ಕಾನೂನು ಮುಟ್ಟದ ಜಾಗವೂ ಇತ್ತು. ಕಾಫಿ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ಸಿಕ್ಕಿತು. ಲೈನ್ ಮನೆಗಳಲ್ಲಿದ್ದ ತೋಟದ ಕೂಲಿಯವರಿಗೆ ಆಗ ಭೂಮಿ ಸಿಗಲಿಲ್ಲ. ಯಾಕೆ ಅಂತ ಕೇಳಲು ಪತ್ರಿಕೆಯೂ ವಿರೋಧ ಪಕ್ಷವೂ ಬೇಕು. ಕೇಳುವವರನ್ನು ಒಳಗೆ ಹಾಕಿದ್ದರ ನಷ್ಟ ಕೊನೆಗೆ ಬಡವರಿಗೇ ಅಲ್ವಾ?

1978ರಲ್ಲಿ ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡರು ಇಂದಿರಾ ಅವರಿಗಾಗಿ ಸ್ಥಾನ ಬಿಟ್ಟುಕೊಟ್ಟರು. ಎದುರಿಗೆ ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ. ಜಾರ್ಜ್ ಫರ್ನಾಂಡಿಸ್ ಬಂದು ಪಾಟೀಲರ ಪರ ಪ್ರಚಾರ ಮಾಡಿದರು. ಅವರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಬೆಂಗಳೂರಿನಲ್ಲಿ ಚಿತ್ರಹಿಂಸೆಗೆ ಗುರಿಮಾಡಿ ಆಗಿನ್ನೂ ಮೂರು ವರ್ಷವಾಗಿರಲಿಲ್ಲ. ಅದೂ ಮತದಾರರನ್ನು ಕದಲಿಸಲಿಲ್ಲ. ಇಂದಿರಾ ಗೆದ್ದರು. ಡಿಸೆಂಬರ್‌ನಲ್ಲಿ ಜನತಾ ಪಕ್ಷದವರು ತಮ್ಮ ಬಹುಮತದ ಬಲದಿಂದ ಅವರನ್ನು ಲೋಕಸಭೆಯಿಂದ ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿದರು. ಚಿಕ್ಕಮಗಳೂರಿನ ಜನ ಆರಿಸಿ ಕಳಿಸಿದವರನ್ನು ಹಾಗೆ ತೆಗೆದದ್ದು ನನ್ನ ಮಟ್ಟಿಗೆ ತಪ್ಪು.

ಆದರೆ ಜನತಾ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು. ಮೀಸಾ ರದ್ದಾಯಿತು. ಸಂವಿಧಾನದ 44ನೇ ತಿದ್ದುಪಡಿ ಬಂತು. 'ಆಂತರಿಕ ಗಲಭೆ' ಅನ್ನೋ ನೆಪ ಕೊಟ್ಟು ಇನ್ನು ತುರ್ತು ಪರಿಸ್ಥಿತಿ ಹೇರುವಂತಿಲ್ಲ, ಸಶಸ್ತ್ರ ದಂಗೆಯೇ ಆಗಬೇಕು. ಜೀವಿಸುವ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ.

ಅದೇ ತಿದ್ದುಪಡಿಯ 3ನೇ ಕಲಮು ಮುಂಜಾಗ್ರತಾ ಬಂಧನದ ಬಗ್ಗೆ. ಸಲಹಾ ಮಂಡಳಿ ನೋಡದೆ ಒಬ್ಬರನ್ನು ಒಳಗಿಡುವ ಅವಧಿಯನ್ನು ಅದು ಮೂರು ತಿಂಗಳಿಂದ ಎರಡಕ್ಕೆ ಇಳಿಸುತ್ತದೆ. ಆ ಮಂಡಳಿಯನ್ನು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ರಚಿಸಬೇಕು ಅನ್ನುತ್ತದೆ. ಅದು ಜಾರಿಗೆ ಬರಬೇಕಾದರೆ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಬೇಕು. ಇಂದಿರಾ ಮರಳಿ ಬಂದ ವರ್ಷವೇ, 1980ರಲ್ಲಿ, ರಾಷ್ಟ್ರೀಯ ಭದ್ರತಾ ಕಾಯ್ದೆ ಬಂತು. ಅದರಡಿ ಈಗಲೂ ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಬಂಧನದಲ್ಲಿಡಬಹುದು. ಬೆಂಗಳೂರು ಜೈಲಿನಲ್ಲಿದ್ದ ದೇವೇಗೌಡರು 1996ರಲ್ಲಿ ಪ್ರಧಾನಿಯಾದರು. ಅದೇ ಜೈಲಿನಲ್ಲಿದ್ದ ವಾಜಪೇಯಿ ಪ್ರಧಾನಿಯಾದರು, ಅಡ್ವಾಣಿ ಗೃಹ ಸಚಿವರಾದರು. 3ನೇ ಕಲಮಿನ ಅಧಿಸೂಚನೆಯನ್ನು ಇಲ್ಲಿಯವರೆಗೆ ಯಾರೂ ಹೊರಡಿಸಿಲ್ಲ.