ರಿಯಾ ಯಾವುದು, ಯಾವುದಲ್ಲ

ಎಲ್ಲರೆದುರು ದಾನ ಕೊಟ್ಟವರನ್ನು ಕಂಡರೆ ‘ರಿಯಾ’, ಅಂದರೆ ತೋರಿಕೆ, ಅನ್ನುತ್ತಾರೆ. ಒಳ್ಳೆಯ ಬಟ್ಟೆ ಹಾಕಿಕೊಂಡು ಜುಮಾಗೆ (ಶುಕ್ರವಾರದ ನಮಾಝಿಗೆ) ಬಂದವರನ್ನು ಕಂಡರೂ ‘ರಿಯಾ’. ಇಂಪಾಗಿ ಕುರ್‌ಆನ್ ಓದಿದವರಿಗೂ ಅದೇ ಮಾತು. ಕಂಡಕಂಡವರ ಮೇಲೆ ಈ ಪದ ಹೊರಿಸುವುದು ಈಗೀಗ ಜಾಸ್ತಿಯಾಗಿದೆ. ರಿಯಾ ಇರುವುದು ಮಾಡುವವನ ಮನಸ್ಸಿನಲ್ಲಿ. ಪಕ್ಕದಲ್ಲಿ ನಿಂತವರಿಗೆ ಅದು ಹೇಗೆ ಗೊತ್ತಾಗುತ್ತದೆ?

ಅರಬಿಯಲ್ಲಿ ‘ರಆ’ ಅಂದರೆ ನೋಡಿದನು. ಕನ್ನಡಿಗೆ ಹೇಳುವ ‘ಮಿರ್‌ಆತ್’ ಕೂಡ ಇದೇ ಬೇರಿನದು. ರಿಯಾ ಅಂದರೆ ಜನ ನೋಡಲಿ ಅಂತಲೇ ಇಬಾದತ್ (ಆರಾಧನೆ) ಮಾಡುವುದು, ಒಳ್ಳೆಯ ಕೆಲಸ ಮಾಡುವುದು. ಇದರ ಜೊತೆಗೇ ಬರುವ ಇನ್ನೊಂದು ಪದ ‘ಸುಮ್‌ಅ’. ಅದರ ಬೇರು ‘ಕೇಳು’. ಯಾರೂ ನೋಡದಾಗ ಮಾಡಿದ್ದನ್ನು ಹೆಸರು ಬರಲಿ ಅಂತ ಆಮೇಲೆ ನಾಲ್ಕು ಜನರ ಕಿವಿಗೆ ಹಾಕಿದರೆ ಅದು ಸುಮ್‌ಅ. ಎರಡರಲ್ಲೂ ಮುಖ್ಯವಾದದ್ದು ‘ಅಂತ’ ಅನ್ನುವ ಉದ್ದೇಶ. ಜನರ ಕಣ್ಣಿಗೆ ಬಿದ್ದ ಮಾತ್ರಕ್ಕೆ ಕೆಲಸ ಕೆಡುವುದಿಲ್ಲ. ದಾನವನ್ನು ಬಹಿರಂಗವಾಗಿ ಕೊಟ್ಟರೆ ಅದೂ ಒಳ್ಳೆಯದೇ, ಮುಚ್ಚಿಟ್ಟು ಬಡವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು ಎಂದು ಕುರ್‌ಆನ್ (2:271) ಹೇಳುತ್ತದೆ. ಎಲ್ಲರೆದುರು ಕೊಟ್ಟದ್ದೆಲ್ಲ ರಿಯಾ ಅನ್ನುವವರು ಈ ವಚನವನ್ನು ಒಮ್ಮೆ ನಿಧಾನವಾಗಿ ಓದಬೇಕು.

ಹಾಗಾದರೆ ರಿಯಾ ಹೇಗಿರುತ್ತದೆ? ಒಬ್ಬ ಕೋಣೆಯಲ್ಲಿ ಒಬ್ಬನೇ ನಮಾಝ್ ಮಾಡುತ್ತಿದ್ದಾನೆ. ರುಕೂ (ಬಾಗುವುದು), ಸುಜೂದ್ (ಹಣೆ ನೆಲಕ್ಕೆ ಇಡುವುದು) ಎಲ್ಲ ಅವಸರದಲ್ಲಿ ಮುಗಿಯುತ್ತಿವೆ. ಬಾಗಿಲ ಸದ್ದಾಗುತ್ತದೆ, ಯಾರೋ ಒಳಗೆ ಬರುತ್ತಾರೆ. ಅವರು ನೋಡಲಿ ಅಂತ ಮುಂದಿನ ಸುಜೂದ್ ಉದ್ದವಾಗುತ್ತದೆ. ಯಾರೋ ನೋಡುತ್ತಿದ್ದಾರೆಂದು ನಮಾಝನ್ನು ಚಂದಗೊಳಿಸುವ ಇದನ್ನೇ ಹದೀಸ್ (ಪ್ರವಾದಿಯವರ ಮಾತುಗಳ ವರದಿ) ‘ಅಡಗಿರುವ ಶಿರ್ಕ್’, ಅಂದರೆ ಅಲ್ಲಾಹನಿಗೆ ಇನ್ನೊಬ್ಬರನ್ನು ಸಹಭಾಗಿ ಮಾಡುವುದು, ಎಂದು ಕರೆದದ್ದು. ಬಂದವನಿಗೆ ಕಾಣುವುದು ಭಕ್ತಿಯ ಸುಜೂದ್ ಮಾತ್ರ. ಒಳಗೆ ಏನಾಯಿತೆಂದು ಗೊತ್ತಿರುವುದು ನಮಾಝ್ ಮಾಡಿದವನಿಗೆ, ಅಲ್ಲಾಹನಿಗೆ.

ಹೊಗಳಿಕೆಯೂ ರಿಯಾ ಅಲ್ಲ. ಒಳ್ಳೆಯ ಕೆಲಸ ಮಾಡಿದವನನ್ನು ಜನ ಹೊಗಳಿದರೆ ಹೇಗೆ ಎಂದು ಕೇಳಿದಾಗ, ಅದು ವಿಶ್ವಾಸಿಗೆ ಮುಂಚಿತವಾಗಿ ಸಿಗುವ ಶುಭಸುದ್ದಿ ಎಂದು ಪ್ರವಾದಿ(ಸ) ಉತ್ತರಿಸಿದ್ದು ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿದೆ. ಹೊಗಳಿಕೆಗಾಗಿಯೇ ಮಾಡುವುದು ಬೇರೆ, ಮಾಡಿದ ಮೇಲೆ ಅದು ತಾನಾಗಿ ಬರುವುದು ಬೇರೆ.

ಬಟ್ಟೆಯ ವಿಷಯದಲ್ಲಿ ಇನ್ನೊಂದು ಪದವನ್ನೂ ಎಳೆದು ತರುತ್ತಾರೆ: ಕಿಬ್ರ್, ಅಂದರೆ ಅಹಂಕಾರ. ಅಣುವಿನಷ್ಟು ಕಿಬ್ರ್ ಇದ್ದವನೂ ಸ್ವರ್ಗಕ್ಕೆ ಹೋಗಲಾರ ಎಂದು ಪ್ರವಾದಿ(ಸ) ಹೇಳಿದಾಗ ಒಬ್ಬರು ಇದೇ ಸಂಶಯ ಎತ್ತಿದರು: ಮನುಷ್ಯನಿಗೆ ತನ್ನ ಬಟ್ಟೆ, ಚಪ್ಪಲಿ ಚೆನ್ನಾಗಿರಲಿ ಅಂತ ಆಸೆ ಇರುತ್ತದಲ್ಲ? ಅಲ್ಲಾಹನು ಸುಂದರನು, ಸೌಂದರ್ಯವನ್ನು ಮೆಚ್ಚುತ್ತಾನೆ; ಕಿಬ್ರ್ ಅಂದರೆ ಸತ್ಯವನ್ನು ತಳ್ಳಿಹಾಕುವುದು, ಜನರನ್ನು ಕೀಳಾಗಿ ಕಾಣುವುದು ಎಂದು ಪ್ರವಾದಿ(ಸ) ಉತ್ತರಿಸಿದರು. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಚಪ್ಪಲಿ ನೋಡಿ ಅಹಂಕಾರ ಅಳೆಯುವುದು ಯಾಕೆ?

ಮೂರನೆಯದು ಉಜ್ಬ್, ತನ್ನನ್ನು ತಾನೇ ಮೆಚ್ಚಿಕೊಳ್ಳುವುದು. ಕಿಬ್ರ್‌ಗೆ ಕೀಳಾಗಿ ಕಾಣಲು ಇನ್ನೊಬ್ಬ ಬೇಕು, ಉಜ್ಬ್‌ಗೆ ಯಾರೂ ಬೇಡ ಎಂದು ವಿದ್ವಾಂಸ ಇಮಾಮ್ ಗಝಾಲಿ (1058–1111) ವಿವರಿಸಿದ್ದಾರೆ. ಗುಟ್ಟಾಗಿ ದಾನ ಕೊಟ್ಟು, ‘ನಾನು ಅವರ ಹಾಗೆ ತೋರಿಸಿಕೊಳ್ಳುವವನಲ್ಲ’ ಅಂತ ಒಳಗೊಳಗೇ ಬೀಗುವವನು ರಿಯಾದಿಂದ ತಪ್ಪಿಸಿಕೊಂಡಿರಬಹುದು, ಉಜ್ಬ್‌ನಿಂದ ಅಲ್ಲ.

ಈ ಗೊಂದಲದಿಂದ ನಿಜವಾದ ನಷ್ಟವೂ ಇದೆ. ರಿಯಾ ಆದೀತೆಂದು ಹೆದರಿ ಕೆಲವರು ಸುಮ್ನೆ ಒಳ್ಳೆಯ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಜನರಿಗಾಗಿ ಕೆಲಸ ಬಿಡುವುದೇ ರಿಯಾ, ಜನರಿಗಾಗಿ ಮಾಡುವುದು ಶಿರ್ಕ್, ಎರಡರಿಂದಲೂ ಅಲ್ಲಾಹನು ಕಾಪಾಡಿದರೆ ಅದು ಇಖ್ಲಾಸ್ (ನಿಷ್ಕಲ್ಮಶ ಮನಸ್ಸು) ಎಂದು ಹಿಂದಿನ ಕಾಲದ ಸಂತ ಫುಝೈಲ್ ಇಬ್ನ್ ಇಯಾಝ್ ಹೇಳಿದ್ದು ಇಂಥವರಿಗೇ. ನಮಾಝಿನ ನಡುವೆ ‘ಯಾರೋ ನೋಡುತ್ತಿದ್ದಾರೆ’ ಎಂಬ ಯೋಚನೆ ಬಂದರೆ ಅದನ್ನು ತಳ್ಳಿ, ನಿಯ್ಯತ್ (ಉದ್ದೇಶ) ಸರಿಮಾಡಿಕೊಂಡು, ನಮಾಝ್ ಮುಂದುವರಿಸಬೇಕು.