ಹಸಿವಿಲ್ಲದ ಮೀನು ಗಾಳ ಕಚ್ಚಿದಾಗ

ಮೇ ತಿಂಗಳ ಮೂರನೇ ವಾರ. ಕೆನಡಾದ ಒಂಟಾರಿಯೋದಲ್ಲಿ, ಕಿಂಗ್‌ಸ್ಟನ್ ಊರಿನಿಂದ ಉತ್ತರಕ್ಕೆ ಹೋದರೆ ಸಿಗುವ ನೂರಾರು ಕೆರೆಗಳಲ್ಲಿ ಒಂದು. ಇಲ್ಲಿಯವರು ಲೇಕ್ ಅನ್ನುತ್ತಾರೆ. ಆಚೆ ದಡ ಕಣ್ಣಿಗೆ ಎಟುಕದಿದ್ದರೂ ನನ್ನ ಬಾಯಿಗೆ ಮಾತ್ರ ಕೆರೆ ಅಂತಲೇ ಬರುತ್ತದೆ. ಭಾವನೂ ನಾನೂ ದೋಣಿ ಬಾಡಿಗೆಗೆ ತೆಗೆದುಕೊಂಡು ಹೋದದ್ದು ವಾಲೈ ಎಂಬ ಮೀನಿಗೆ. ವಾಲೈ ಹಿಡಿಯಲು ಆಗಷ್ಟೇ ಅನುಮತಿ ಶುರುವಾಗಿತ್ತು.

ದಡದ ಹತ್ತಿರ ಒಂದು ಬಂಡೆಯ ಪಕ್ಕ ಭಾವ ಗಾಳ ಇಳಿಬಿಟ್ಟರು. ಅದು ತಳ ಮುಟ್ಟಿತೋ ಇಲ್ಲವೋ, ಕೋಲು ಬಿಲ್ಲಿನಂತೆ ಬಾಗಿತು. ನೀರು ಒಡೆದು ಮೇಲೆ ಹಾರಿದ್ದು ತಾಮ್ರದ ಬಣ್ಣದ, ಮೈಮೇಲೆ ಅಡ್ಡ ಪಟ್ಟೆಗಳಿದ್ದ, ಕೆಂಪು ಕಣ್ಣಿನ ಮೀನು. ಸ್ಮಾಲ್‌ಮೌತ್ ಬ್ಯಾಸ್. ಅದನ್ನು ಹಿಡಿಯುವ ಕಾಲಕ್ಕೆ ಇನ್ನೂ ಸುಮಾರು ಒಂದು ತಿಂಗಳಿತ್ತು.

"ಒಂದು ಫೋಟೋ ತೆಗಿ ಮಾರಾಯ, ಎಂಥಾ ಮೀನು ನೋಡು" ಅಂದರು ಭಾವ.

"ಫೋಟೋ ಆಮೇಲೆ ಭಾವ, ಮೊದಲು ಕೆಳಗೆ ನೋಡಿ."

ಪೋಲರಾಯ್ಡ್ ಕನ್ನಡಕ ಹಾಕಿಕೊಂಡರೆ ನೀರಿನ ಹೊಳಪು ಮಾಯವಾಗಿ ತಳ ಕಾಣುತ್ತದೆ. ಕಪ್ಪು ತಳದ ನಡುವೆ ದೋಸೆ ಕಾವಲಿಗಿಂತ ತುಸು ದೊಡ್ಡದಾದ, ಯಾರೋ ಗುಡಿಸಿ ಒರೆಸಿಟ್ಟಂತಿದ್ದ ಒಂದು ಬಿಳಿಚು ತಟ್ಟೆ. ಅದರ ಸುತ್ತ ಅಂಗೈ ಅಗಲದ ಆರೇಳು ಮೀನುಗಳು ತಲೆ ಕೆಳಗೆ, ಬಾಲ ಮೇಲೆ ಮಾಡಿಕೊಂಡು ಒಂದೇ ಸಮನೆ ಕುಕ್ಕುತ್ತಿದ್ದವು. ಬೇಲಿ ಬಿದ್ದ ತೋಟಕ್ಕೆ ಮೇಕೆ ನುಗ್ಗಿದ ಹಾಗೆ. ಆ ಬೇಲಿ ಭಾವನ ಕೈಯಲ್ಲಿ ಒದ್ದಾಡುತ್ತಿತ್ತು.

ಬ್ಯಾಸ್ ಕುಟುಂಬದಲ್ಲಿ ಮಕ್ಕಳನ್ನು ಸಾಕುವುದು ಅಪ್ಪ. ವಸಂತದಲ್ಲಿ ನೀರು 15-16 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾದಾಗ ಗಂಡು ದಡದ ಹತ್ತಿರ, ಆಳ ಕಡಿಮೆ ಇರುವ ಕಡೆ ಬಂದು ಬಾಲ ಬಡಿದು ಕೆಸರು ತೂರಿ, ಕೆಳಗಿನ ಜಲ್ಲಿ ಕಾಣುವಂತೆ ಗುಳಿ ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೋಗುತ್ತದೆ. ಒಂದು ಗೂಡಿನಲ್ಲಿ ಸಾವಿರಾರು ಮೊಟ್ಟೆ, ಒಂದೊಂದೂ ಸಾಸಿವೆ ಕಾಳಿನಷ್ಟು, ಜಲ್ಲಿಗೆ ಅಂಟಿಕೊಂಡಿರುತ್ತವೆ. ಅಲ್ಲಿಂದ ಮುಂದೆ ಎಲ್ಲ ಗಂಡಿನ ಪಾಡು. ರೆಕ್ಕೆ ಬೀಸಿ ಬೀಸಿ ಮೊಟ್ಟೆಗಳಿಗೆ ಹೊಸ ನೀರು, ಅಂದರೆ ಆಮ್ಲಜನಕ, ಸಿಗುವಂತೆ ನೋಡಿಕೊಳ್ಳಬೇಕು. ಕೆಸರು ಕೂರಲು ಬಿಡಬಾರದು. ಹಗಲಿರುಳೂ ಕಾಯಬೇಕು. ಕೆಲವು ದಿನಕ್ಕೆ ಮೊಟ್ಟೆಯೊಡೆದು ಮರಿಗಳು ಜಲ್ಲಿಯ ಸಂದಿಯಲ್ಲಿ ಮಿಸುಕಾಡುತ್ತವೆ, ಆಮೇಲೆ ಕಪ್ಪು ಮೋಡದಂತೆ ಗುಂಪಾಗಿ ಮೇಲೇಳುತ್ತವೆ. ಆ ಮೋಡ ಎತ್ತ ತೇಲಿದರೂ ಅಪ್ಪ ಅದರ ಹಿಂದೆಯೇ. ಎಲ್ಲ ಸೇರಿ ಒಂದು ತಿಂಗಳು, ನೀರು ತಣ್ಣಗಿದ್ದರೆ ಇನ್ನೂ ಹೆಚ್ಚು.

ಈ ದಿನಗಳಲ್ಲಿ ಗಂಡು ಬೇಟೆಗೆ ಹೋಗುವುದಿಲ್ಲ. ಹತ್ತಿರ ಬಂದು ಬಾಯಿಗೆ ಸಿಕ್ಕಿದ್ದನ್ನು ನುಂಗಿದರೆ ನುಂಗಿತು, ಅಷ್ಟೇ. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಂಡು ಬದುಕುತ್ತದೆ. ಹಾಗಾದರೆ ಭಾವನ ಗಾಳಕ್ಕೆ ಯಾಕೆ ಬಿತ್ತು? ಗಾಳ ಅಂದರೆ ಆಸೆ, ಮೀನು ಅಂದರೆ ಹೊಟ್ಟೆಬಾಕ ಎಂದು ಗಾದೆಗಳಿಂದ ಕಲಿತವರು ನಾವು. ಗೂಡಿನ ಮೇಲಿರುವ ಬ್ಯಾಸ್‌ಗೆ ಆ ಲೆಕ್ಕ ಹೊಂದುವುದಿಲ್ಲ. ಭಾವನ ಗಾಳದಲ್ಲಿದ್ದ ಜಿಗ್, ಅಂದರೆ ರಬ್ಬರ್ ಬಾಲದ ನಕಲಿ ಎರೆ, ಜಲ್ಲಿಯ ಮೇಲೆ ಕುಪ್ಪಳಿಸಿದಾಗ ಅದಕ್ಕೆ ಕಂಡದ್ದು ಊಟವಲ್ಲ, ಮೊಟ್ಟೆ ಕದಿಯಲು ಬಂದ ಕಳ್ಳ. ಕಳ್ಳನನ್ನು ಹೊರಗೆ ಎಸೆಯಲು ಮೀನಿಗೆ ಕೈ ಎಲ್ಲಿದೆ, ಬಾಯಿಯಲ್ಲೇ ಹಿಡಿಯಬೇಕು.

ಹಿಡಿದು ಬಿಟ್ಟರೆ ಏನಾಯಿತು, ಮೀನು ಬದುಕಿತಲ್ಲ ಎಂದು ಕೇಳುವವರಿದ್ದಾರೆ. ಮೀನು ನಿಜವಾಗಿಯೂ ಬದುಕುತ್ತದೆ. ಸಾಯುವುದು ಗೂಡು. ಒಂಟಾರಿಯೋದ ಒಪಿನಿಕಾನ್ ಕೆರೆಯ ದಡದಲ್ಲಿ ಕ್ವೀನ್ಸ್ ವಿಶ್ವವಿದ್ಯಾಲಯದ ಜೀವವಿಜ್ಞಾನ ಕೇಂದ್ರವಿದೆ, 1940ರ ದಶಕದಿಂದಲೂ. ಬ್ಯಾಸ್ ಗೂಡುಗಳನ್ನು ಇಷ್ಟು ಹತ್ತಿರದಿಂದ ನೋಡಿದ ಜಾಗಗಳು ಜಗತ್ತಿನಲ್ಲಿ ಕಡಿಮೆ. ಸಂಶೋಧಕರು ಉಸಿರುಕೊಳವೆ ಹಾಕಿಕೊಂಡು ಈಜುತ್ತ ಹೋಗಿ ಗೂಡುಗಳಿಗೆ ನಂಬರ್ ಹಚ್ಚುತ್ತಾರೆ, ಗಂಡುಗಳನ್ನು ಗಾಳದಿಂದ ಹಿಡಿದು ಬಿಡುತ್ತಾರೆ, ಆಮೇಲೆ ಯಾವ ಗೂಡು ಉಳಿಯಿತು, ಯಾವುದು ಅಳಿಯಿತು ಎಂದು ಎಣಿಸುತ್ತಾರೆ. ಡೇವಿಡ್ ಫಿಲಿಪ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಕೆಲಸದಿಂದ ಶುರುವಾಗಿ ಇಂಥ ಅಧ್ಯಯನಗಳು ಹೇಳುವುದು ಇದು: ಹಿಡಿದು ಬಿಟ್ಟ ಗಂಡುಗಳು ಗೂಡು ತೊರೆಯುವ ಸಂಭವ ಹೆಚ್ಚು, ಹೊರಗೆ ಇರಿಸಿಕೊಂಡ ಹೊತ್ತು ಬೆಳೆದಷ್ಟೂ ಇನ್ನೂ ಹೆಚ್ಚು.

ಯಾಕೆ ತೊರೆಯುತ್ತವೆ ಎಂಬುದು ನನಗೆ ಈ ಕಥೆಯ ತಿರುಳು. ಗಂಡು ಇಲ್ಲದ ಹೊತ್ತಿನಲ್ಲಿ ಬ್ಲೂಗಿಲ್, ಪಂಪ್ಕಿನ್‌ಸೀಡ್, ರಾಕ್ ಬ್ಯಾಸ್, ಪರ್ಚ್ ಎಲ್ಲವೂ ಗೂಡಿಗೆ ನುಗ್ಗುತ್ತವೆ. ಈರೀ ಸರೋವರದಲ್ಲಿ ರೌಂಡ್ ಗೋಬಿ ಎಂಬ ಕಿರುಮೀನಿನ ಕಾಟ ಬೇರೆ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರದ ಕಡೆಯ ಈ ಮೀನು ಹಡಗುಗಳು ತೂಕಕ್ಕೆಂದು ತುಂಬಿಕೊಳ್ಳುವ ನೀರಿನಲ್ಲಿ ಬಂದು 1990ರ ಹೊತ್ತಿಗೆ ಮಹಾಸರೋವರಗಳ ಪ್ರದೇಶದಲ್ಲಿ ಕಾಣಿಸಿಕೊಂಡಿತು. ಅಪ್ಪ ಗೂಡಿನ ಮೇಲಿದ್ದರೆ ಅದರ ಆಟ ಅಷ್ಟಾಗಿ ನಡೆಯದು. ಅಪ್ಪ ಗಾಳಕ್ಕೆ ಸಿಕ್ಕಿ ಮೇಲೆ ಹೋದ ನಿಮಿಷಗಳಲ್ಲೇ ಗೋಬಿಗಳ ಸಂತೆ. ಬಿಡುಗಡೆಯಾದ ಗಂಡು ದಣಿದು ವಾಪಸ್ ಬರುತ್ತದೆ, ಕಳ್ಳರನ್ನು ಓಡಿಸುತ್ತದೆ. ಆದರೆ ಗೂಡಿನಲ್ಲಿ ಉಳಿದದ್ದು ಎಷ್ಟು ಎಂಬುದರ ಮೇಲೆ ಅದರ ಮುಂದಿನ ನಡೆ ನಿಂತಿದೆ. ಸಂಶೋಧಕರೇ ಮೊಟ್ಟೆಗಳಲ್ಲಿ ಒಂದಷ್ಟನ್ನು ತೆಗೆದು ನೋಡಿದ್ದಾರೆ: ಮೊಟ್ಟೆ ಕಡಿಮೆಯಾದಷ್ಟೂ ಗಂಡಿನ ಕಾವಲು ಸಡಿಲವಾಗುತ್ತದೆ, ತೀರಾ ಕಡಿಮೆಯಾದರೆ ಬಿಟ್ಟೇ ಹೋಗುತ್ತದೆ. ಇದನ್ನು ನಿರ್ದಯ ಅನ್ನಬೇಡಿ. ನಾಲ್ಕು ಕಾಳು ಉಳಿದ ಗದ್ದೆಗೆ ತಿಂಗಳಿಡೀ ಕಾವಲು ಕೂತರೆ ಕೂಲಿಯೂ ಗಿಟ್ಟದು ಎಂಬ ರೈತನ ಲೆಕ್ಕವೇ ಇದು. ಇರುವ ಕೊಬ್ಬನ್ನು ಉಳಿಸಿಕೊಂಡು ಮುಂದಿನ ವರ್ಷ ನೋಡೋಣ ಎನ್ನುವುದೇ ಜಾಣತನ.

ಒಂಟಾರಿಯೋದ ಕಾನೂನು ಇದನ್ನು ಕ್ಯಾಲೆಂಡರ್‌ಗೆ ಕಟ್ಟಿದೆ. ಪ್ರಾಂತ್ಯವನ್ನು 20 ಮೀನುಗಾರಿಕೆ ವಲಯಗಳಾಗಿ ಹಂಚಿದ್ದಾರೆ. ದಕ್ಷಿಣದ ಎಷ್ಟೋ ವಲಯಗಳಲ್ಲಿ ಬ್ಯಾಸ್ ಕಾಲ ತೆರೆಯುವುದು ಜೂನ್ ತಿಂಗಳ ಮೂರನೆಯ ಅಥವಾ ನಾಲ್ಕನೆಯ ಶನಿವಾರ. ಅದಕ್ಕೂ ಮುಂಚೆ ತಪ್ಪಿ ಬಿದ್ದ ಬ್ಯಾಸನ್ನು ಕೂಡಲೇ ನೀರಿಗೆ ಬಿಡಬೇಕು, ದೋಣಿಯ ತೊಟ್ಟಿಯಲ್ಲಿ ಇಟ್ಟುಕೊಂಡರೂ ಅಪರಾಧ. ಬಿಡುತ್ತೇನೆ ಎಂಬ ಉದ್ದೇಶ ಇಟ್ಟುಕೊಂಡೇ ಬ್ಯಾಸ್ ಹಿಡಿಯಲು ಹೋಗುವುದೂ ಅಪರಾಧವೇ.

ಈ ಕೊನೆಯ ಮಾತಿನಲ್ಲಿ ಕಾನೂನಿಗಿಂತ ಮನಸ್ಸಿನ ಪ್ರಶ್ನೆ ಇದೆ. ಭಾವ ಮೀನನ್ನು ಬಿಟ್ಟ ಮೇಲೆ ಕೋಲು ಸರಿಪಡಿಸಿಕೊಳ್ಳುತ್ತ "ಇಲ್ಲೇ ಇನ್ನೊಂದು ಸಲ ಹಾಕ್ಲಾ? ವಾಲೈ ಇದ್ರೂ ಇರಬಹುದು" ಅಂದರು. ಮೊದಲನೆಯದು ಆಕಸ್ಮಿಕ, ಒಪ್ಪಿದೆ. ತಟ್ಟೆ ನೋಡಿದ ಮೇಲೆ ಅಲ್ಲೇ ಹಾಕಿದ ಎರಡನೆಯದನ್ನು ಏನೆಂದು ಕರೆಯುವುದು? ಯಾವ ಇನ್ಸ್‌ಪೆಕ್ಟರೂ ಇದನ್ನು ದಡದಲ್ಲಿ ನಿಂತು ಸಾಬೀತು ಮಾಡಲಾರ. ಮೇ ತಿಂಗಳಲ್ಲಿ ವಾಲೈ, ಕ್ರ್ಯಾಪಿಯಂಥ ಬೇರೆ ಮೀನುಗಳ ಹೆಸರಲ್ಲಿ ಬ್ಯಾಸ್ ಗೂಡುಗಳ ಮೇಲೇ ಗಾಳ ಎಸೆಯುವವರು ಇದ್ದಾರೆ, ಅವರಿಗೂ ಗೊತ್ತು, ನಮಗೂ ಗೊತ್ತು.

ಎಲ್ಲ ಕಡೆ ಇದೇ ಕಾನೂನು ಇಲ್ಲ. ಅಮೆರಿಕದ ಮಿಷಿಗನ್ ರಾಜ್ಯ 2015ರಿಂದ, ಕೂಡಲೇ ಬಿಡುವುದಾದರೆ ವರ್ಷವಿಡೀ ಬ್ಯಾಸ್ ಹಿಡಿಯಬಹುದು ಎಂದಿತು. ಫ್ಲಾರಿಡಾದಲ್ಲಿ ಬ್ಯಾಸ್‌ಗೆ ಮುಚ್ಚಿದ ಕಾಲವೇ ಇಲ್ಲ. ಒಂದು ಗೂಡು ಹೋದರೆ ಕೆರೆಯೇನೂ ಬರಿದಾಗದು, ಉಳಿದ ಗೂಡುಗಳ ಮರಿಗಳಿಗೆ ಅಷ್ಟು ಹೆಚ್ಚು ಆಹಾರ ಸಿಗುತ್ತದೆ ಎಂಬುದು ಆ ಕಡೆಯವರ ವಾದ, ಅದರಲ್ಲಿ ಹುರುಳೂ ಇದೆ. ಗೂಡಿನ ನಷ್ಟ ಕೆರೆಯ ನಷ್ಟವಾಗುತ್ತದೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಆದರೆ ಉತ್ತರದ ಕೆರೆಗಳಿಗೆ ಒಂದು ಬೇರೆ ಕಷ್ಟ ಉಂಟು, ಚಳಿಗಾಲ. ಹಿಮ ಕಟ್ಟಿದ ನೀರಿನಡಿ ತಿಂಗಳುಗಟ್ಟಲೆ ಮರಿ ಏನೂ ತಿನ್ನದೆ ಬದುಕಬೇಕು. ಬೇಸಿಗೆಯಲ್ಲಿ ಸಾಕಷ್ಟು ಬೆಳೆಯದ ಮರಿ ವಸಂತ ಕಾಣುವುದಿಲ್ಲ. ಮೇ ಗೂಡು ಕೆಟ್ಟು ಜೂನ್ ಕೊನೆಗೆ ಮತ್ತೆ ಮೊಟ್ಟೆಯಿಟ್ಟರೂ ಆ ಮರಿಗಳಿಗೆ ದಿನ ಸಾಲದು. ಫ್ಲಾರಿಡಾದ ಮೀನಿಗೆ ಈ ಗಡುವು ಇಲ್ಲ.

ಇನ್ನೊಂದು ವಿಷಯ ನನ್ನನ್ನು ಮೀನುಗಳ ಸಂಖ್ಯೆಗಿಂತ ಹೆಚ್ಚು ಕಾಡಿದೆ. ಇಲಿನಾಯ್‌ನ ರಿಜ್ ಲೇಕ್ ಎಂಬ ಪುಟ್ಟ ಕೆರೆಯಲ್ಲಿ 1970ರ ದಶಕದ ಕೊನೆಯಲ್ಲಿ ಲಾರ್ಜ್‌ಮೌತ್ ಬ್ಯಾಸ್ (ಸ್ಮಾಲ್‌ಮೌತ್‌ನ ಹತ್ತಿರದ ನೆಂಟ) ಹಿಡಿದವರೆಲ್ಲ ಮೀನನ್ನು ಅಳೆಸಿ, ಗುರುತಿನ ಚೀಟಿ ಚುಚ್ಚಿಸಿ ವಾಪಸ್ ಬಿಡಬೇಕಿತ್ತು. ನಾಲ್ಕು ವರ್ಷದ ಮೇಲೆ, 1980ರಲ್ಲಿ, ಕೆರೆಯ ನೀರು ಬಸಿದರು. ಸಿಕ್ಕಿದ್ದು 1700ಕ್ಕೂ ಹೆಚ್ಚು ಮೀನು. ಅವುಗಳಲ್ಲಿ ಸುಮಾರು 200 ಮೀನು ಅಷ್ಟೂ ವರ್ಷ ಅಲ್ಲೇ ಇದ್ದು ಒಮ್ಮೆಯೂ ಗಾಳಕ್ಕೆ ಬಿದ್ದಿರಲಿಲ್ಲ. ಕೆಲವಂತೂ ಮತ್ತೆ ಮತ್ತೆ ಬಿದ್ದಿದ್ದವು. ಎರಡು ಬಗೆಯವನ್ನೂ ಬೇರೆ ಬೇರೆ ಸಾಕಿ ಮೂರು ತಲೆಮಾರು ಬೆಳೆಸಿದಾಗ, ಗಾಳಕ್ಕೆ ಬೀಳುವ ಗುಣ ರಕ್ತದಲ್ಲೇ ಬರುತ್ತದೆ ಎಂದು ಗೊತ್ತಾಯಿತು. ಆಮೇಲೆ, 2012ರಲ್ಲಿ ಪ್ರಕಟವಾದ ಅಧ್ಯಯನ ಈ ಎರಡು ವಂಶದ ಗಂಡುಗಳನ್ನು ಗೂಡಿನ ಮೇಲೆ ನೋಡಿತು. ಸುಲಭವಾಗಿ ಗಾಳಕ್ಕೆ ಬೀಳುವ ವಂಶದ ಗಂಡುಗಳೇ ಹೆಚ್ಚು ಆಕ್ರಮಣದಿಂದ ಗೂಡು ಕಾದವು, ಹೆಚ್ಚು ಮರಿಗಳನ್ನು ಬೆಳೆಸಿದವೂ ಅವೇ.

ಅಂದರೆ ಗಾಳ ಆರಿಸಿ ತೆಗೆಯುವುದು ಪೆದ್ದ ಮೀನನ್ನಲ್ಲ, ಒಳ್ಳೆಯ ಅಪ್ಪನನ್ನು. ಒಂಟಾರಿಯೋದ ಓಪಿಯಾಂಗೊ ಕೆರೆಯಲ್ಲಿ ಡಿಎನ್ಎ ಹೋಲಿಸಿ ನೋಡಿದಾಗ, ಒಂದು ವರ್ಷದ ಮರಿಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಬೆರಳೆಣಿಕೆಯ ಗಂಡುಗಳ ಮಕ್ಕಳು ಎಂದು ಕಂಡಿತ್ತು. ಅಂಥ ಒಂದೆರಡು ಗಂಡು ಮೇ ತಿಂಗಳಲ್ಲಿ ಯಾರದೋ ದೋಣಿಯಲ್ಲಿ ಫೋಟೋಗೆ ನಿಂತರೆ ಆ ವರ್ಷದ ಮನೆ ಲೆಕ್ಕ ಏನಾದೀತು?

ಹೆಸರಿನ ಬಗ್ಗೆ ಒಂದು ಮಾತು, ವಿಷಯ ಬಿಟ್ಟು. ಈ ಮೀನಿನ ಕುಲನಾಮ ಮೈಕ್ರಾಪ್ಟೆರಸ್, ಅಂದರೆ ಕಿರುರೆಕ್ಕೆಯದು. ರೆಕ್ಕೆಯೇನೂ ಕಿರಿದಲ್ಲ. 1802ರಲ್ಲಿ ಫ್ರಾನ್ಸಿನ ಜೀವಿವಿಜ್ಞಾನಿ ಲಾಸೆಪೇಡ್ ಹೆಸರಿಡುವಾಗ ಅವನ ಮುಂದಿದ್ದ ಮೀನಿನ ಬೆನ್ನಿನ ರೆಕ್ಕೆ ಹರಿದು ತುಂಡಾಗಿತ್ತಂತೆ. ಅವನು ಅದನ್ನೇ ಲಕ್ಷಣ ಎಂದುಕೊಂಡ. ಗಾಯವೇ ಹೆಸರಾಗಿ ಉಳಿಯಿತು.

ಇದೇ ಮೀನಿಗೆ ಜಪಾನಿನಲ್ಲಿ ಬೇರೆಯೇ ಮರ್ಯಾದೆ. ಅಲ್ಲಿ ಬ್ಯಾಸ್ ಹೊರಗಿನಿಂದ ಬಂದು ನಾಡಮೀನುಗಳನ್ನು ತಿಂದು ಹಾಕಿದ ಪಿಡುಗು. ಬೀವಾ ಸರೋವರದಲ್ಲಿ ಹಿಡಿದ ಬ್ಯಾಸನ್ನು ವಾಪಸ್ ಬಿಡುವುದೇ ತಪ್ಪು. ಇಜುನುಮಾ ಎಂಬಲ್ಲಿ ಕೃತಕ ಗೂಡುಗಳನ್ನು ಇಳಿಬಿಟ್ಟು, ಬ್ಯಾಸ್ ಮೊಟ್ಟೆಯಿಟ್ಟ ಮೇಲೆ ಮೊಟ್ಟೆ ಸಮೇತ ಎತ್ತುತ್ತಾರೆ. ಒಪಿನಿಕಾನ್‌ನಲ್ಲಿ ಕಾಪಾಡಲು ಬಳಸುವ ತಿಳಿವಳಿಕೆ ಅಲ್ಲಿ ನಿರ್ಮೂಲ ಮಾಡಲು.

ನಾನು ತೀರ್ಥಹಳ್ಳಿ ಕಡೆಯವನು, ಹೀಗೆ ಉಪದೇಶ ಮಾಡಲು ನನಗೆ ಮುಖವಿಲ್ಲ. ಜೂನ್ ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನಿಗೆ ರಾತ್ರಿ ಬ್ಯಾಟರಿ ಹಿಡಿದು, ಕತ್ತಿ ತೆಗೆದುಕೊಂಡು ಹೋದವರೇ ನಾವೆಲ್ಲ. ಕೆಲವರು ನೀರು ಇಳಿಯುವ ಕಂಡಿಗೆ ಕೂಣಿ ಒಡ್ಡುತ್ತಿದ್ದರು. ಆ ಮೀನು ಏರಿದ್ದು ಮೊಟ್ಟೆಯಿಡಲು ಎಂದು ಗೊತ್ತಿತ್ತು. ಹೊಟ್ಟೆ ಸೀಳಿದರೆ ತತ್ತಿ ಸಿಗುತ್ತಿತ್ತು, ಅದನ್ನು ಬೇರೆ ಹುರಿಯುತ್ತಿದ್ದರು. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ ಉಂಟು, ಗದ್ದೆಯ ಬದುವಿಗೆ ಯಾರೂ ಕ್ಯಾಲೆಂಡರ್ ಹಿಡಿದು ಬಂದದ್ದನ್ನು ನಾನು ನೋಡಿಲ್ಲ. ಇನ್ನು ಕೊರವ ಮೀನು ಬ್ಯಾಸಿನ ನೇರ ಅಣ್ಣತಮ್ಮನಂತೆ: ಕೆಂಪು ಮರಿಗಳ ಗುಂಪು ನೀರಿನ ಮೇಲೆ ಬುಳಬುಳ ಎನ್ನುತ್ತಿದ್ದರೆ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಗುಂಪಿನ ನಡುವೆ ಕಪ್ಪೆ ಸಿಕ್ಕಿಸಿದ ಗಾಳ ಬಿಟ್ಟರೆ ಕಚ್ಚದೆ ಇರುವುದಿಲ್ಲ ಎಂಬುದು ನಮ್ಮೂರ ಹುಡುಗರಿಗೆಲ್ಲ ಗೊತ್ತಿದ್ದ ಉಪಾಯ. ಅದು ಸಿಟ್ಟು, ಹಸಿವಲ್ಲ ಎಂದು ನನಗೆ ತಿಳಿಯಲು ಇಲ್ಲಿಯವರೆಗೆ ಬರಬೇಕಾಯಿತು.

ಅವತ್ತು ಭಾವನ ಮೀನನ್ನು ಬಿಟ್ಟ ರೀತಿ ಹೇಳಿಬಿಡುತ್ತೇನೆ, ಇದು ಉಪಯೋಗಕ್ಕೆ ಬಂದೀತು. ದೋಣಿಯೊಳಗೆ ತರಲಿಲ್ಲ. ನೀರಿನಲ್ಲೇ ಇಟ್ಟು, ಕೈ ಒದ್ದೆ ಮಾಡಿಕೊಂಡು (ಒಣ ಕೈ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ), ಇಕ್ಕಳದಿಂದ ಮುಳ್ಳು ತಿರುಗಿಸಿದೆ. ಗಾಳದ ಹಿಮ್ಮುಳ್ಳನ್ನು ಬೆಳಿಗ್ಗೆಯೇ ಇಕ್ಕಳದಲ್ಲಿ ಒತ್ತಿ ಮಡಿಸಿದ್ದರಿಂದ ಸುಲಭವಾಗಿ ಬಂತು. ಕೈ ಸಡಿಲಿಸಿದ ಕೂಡಲೇ ಮೀನು ಅಡ್ಡಾದಿಡ್ಡಿ ಓಡಲಿಲ್ಲ. ನೇರ ಕೆಳಗೆ, ತಟ್ಟೆಯ ಕಡೆ. ಕುಕ್ಕುತ್ತಿದ್ದ ಮೀನುಗಳು ಚದುರಿದವು, ಎರಡು ಮಾತ್ರ ಸ್ವಲ್ಪ ದೂರದಲ್ಲಿ ನಿಂತು ಕಾದವು.

ಭಾವ ಕೋಲು ಮಡಿಸಿಟ್ಟರು. ದೋಣಿಯನ್ನು ಆಳದ ಕಡೆ ಒಯ್ದೆವು. ಮಧ್ಯಾಹ್ನದವರೆಗೆ ಒಂದೇ ಒಂದು ವಾಲೈ ಸಿಕ್ಕಿತು, ಅದೂ ಗೇಣುದ್ದ. ಸಂಜೆ ವಾಪಸ್ ಬರುವಾಗ ಆ ಬಂಡೆ ಹತ್ತಿರವಾದಂತೆ ಭಾವನೇ ಎಂಜಿನ್ ನಿಲ್ಲಿಸಿ ಹುಟ್ಟು ತೆಗೆದುಕೊಂಡರು, ದೂರದಿಂದಲೇ ಸುತ್ತಿ ಬಂದೆವು. ಗಂಡು ತಟ್ಟೆಯ ಮೇಲೇ ಇತ್ತು, ರೆಕ್ಕೆ ಬೀಸುತ್ತ. ಮೊಟ್ಟೆ ಎಷ್ಟು ಉಳಿದಿದ್ದವೋ, ಅಷ್ಟು ದೂರದಿಂದ ಕಾಣಲಿಲ್ಲ.