ಮಳವಳ್ಳಿಯ ಗೂಡಿಗೆ ಚೀನಾದ ದರ

ಮಳವಳ್ಳಿ, ಮದ್ದೂರು ಕಡೆಯ ರೈತ ರೇಷ್ಮೆ ಗೂಡು ಬಿಡಿಸಿ ಮಾರುಕಟ್ಟೆಗೆ ತರುವ ಹೊತ್ತಿಗೆ ಅದರ ಬೆಲೆ ಅರ್ಧ ತೀರ್ಮಾನವಾಗಿರುತ್ತದೆ. ಹರಾಜಿನಲ್ಲಿ ನಿಂತ ರೀಲರ್, ಅಂದರೆ ಗೂಡಿನಿಂದ ನೂಲು ತೆಗೆಯುವವನು, ಚೀನಾ ನೂಲಿನ ದರ ನೋಡಿಕೊಂಡೇ ಕೂಗುತ್ತಾನೆ. ಇದನ್ನು ಜಾಗತೀಕರಣ ತಂದ ಕಾಟ ಎನ್ನುವವರಿದ್ದಾರೆ. ಆದರೆ ಕಥೆ ಅದಕ್ಕಿಂತ ಬಹಳ ಹಳೆಯದು.

ಈ ಸೀಮೆಯಲ್ಲಿ ರೇಷ್ಮೆಗೆ ನೆಲೆ ಕೊಟ್ಟದ್ದು ಟಿಪ್ಪು. 1912ರಲ್ಲಿ ನಾಲ್ವಡಿಯವರ ಸರ್ಕಾರ ಮೈಸೂರಿನಲ್ಲಿ ನೇಯ್ಗೆ ಕಾರ್ಖಾನೆ ತೆರೆದಾಗ ಮಗ್ಗಗಳು ಬಂದದ್ದು ಸ್ವಿಟ್ಜರ್ಲೆಂಡಿನಿಂದ. 1930ರ ದಶಕದಲ್ಲಿ ಜಪಾನ್, ಚೀನಾಗಳ ಅಗ್ಗದ ರೇಷ್ಮೆ ನುಗ್ಗಿ ಬೆಲೆ ಕುಸಿಯಿತು. 1934ರಲ್ಲಿ ರಕ್ಷಣಾ ಸುಂಕ ಬಂತು. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾಯಿತು, ಜಪಾನಿನ ಮಾಲು ನಿಂತಿತ್ತು, ಇಲ್ಲಿ ಬೆಲೆ ಏರಿತು. ಯುದ್ಧ ಮುಗಿಯಿತು, ಬೇಡಿಕೆಯೂ ಇಳಿಯಿತು.

ರೈತನನ್ನೋ ನೇಕಾರನನ್ನೋ ದೂರುವುದು ವಾಡಿಕೆ. ನನ್ನ ಮಟ್ಟಿಗೆ ಸರಪಳಿ ಸಡಿಲವಾಗಿರುವುದು ಅವರಿಬ್ಬರ ನಡುವೆ, ನೂಲು ತೆಗೆಯುವಲ್ಲಿ. ಪವರ್‌ಲೂಮಿನ ವೇಗಕ್ಕೆ ಹಾಸಿನ ನೂಲು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆ, ಒಂದೇ ದಪ್ಪ ಇರಬೇಕು, ಪದೇಪದೇ ಹರಿಯಬಾರದು. ಚೀನಾದವರು ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ಹುಳು) ಗೂಡನ್ನು ಸ್ವಯಂಚಾಲಿತ ಯಂತ್ರಕ್ಕೆ ಹಾಕಿ ಅಂಥ ನೂಲು ತೆಗೆದರು. ನಮ್ಮಲ್ಲಿ ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡು ಸೇರಿಸಿದ ಹಳದಿ ಗೂಡು, ಅದರ ನೂಲು ತೆಗೆಯಲು ಚರಕ, ಇಲ್ಲವೇ ಕಾಟೇಜ್ ಬೇಸಿನ್ ಎಂಬ ಸಣ್ಣ ಸಾಧನ. ಹೀಗಾಗಿ ಎಷ್ಟೋ ಮಗ್ಗಗಳಲ್ಲಿ ಹಾಸಿನಲ್ಲಿ ಚೀನಾ ನೂಲು, ಅಡ್ಡ ಎಳೆಯಾದ ಹೊಕ್ಕಿನಲ್ಲಿ ನಮ್ಮದು.

ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ 1991ರಿಂದ ಜಪಾನಿನ ನೆರವಿನಲ್ಲಿ ಇದಕ್ಕೆ ಕೈಹಾಕಿತು. ಉಷ್ಣ ಹವೆಗೂ ಒಗ್ಗುವ ದ್ವಿತಳಿಗಳು ಬಂದವು, ರೈತ ಅವುಗಳ ಬಿಳಿ ಗೂಡು ಬೆಳೆಯಲು ಕಲಿತ. ಚರಕದವನ ಕೈಗೆ ಮಾತ್ರ ಯಂತ್ರಕ್ಕೆ ಹಾಕುವ ಬಂಡವಾಳ ಬರಲಿಲ್ಲ.

ಸರ್ಕಾರಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ (ಕೆಎಸ್‌ಐಸಿ) ಈ ಗೋಳಿನಿಂದ ಬಹುಮಟ್ಟಿಗೆ ಪಾರು. ಗೂಡು ಕೊಂಡು ಟಿ. ನರಸೀಪುರದಲ್ಲಿ ನೂಲು ತೆಗೆದು, ಮೈಸೂರಿನಲ್ಲಿ ನೇಯ್ದು, ತನ್ನ ಮಳಿಗೆಯಲ್ಲೇ ಮಾರುತ್ತದೆ. ಸೀರೆಗೆ ಭೌಗೋಳಿಕ ಸೂಚಿಕೆಯ ರಕ್ಷೆಯೂ ಇದೆ. ಆದರೆ ಅದು ಕೊಳ್ಳುವ ಗೂಡು ನಾಡಿನ ಬೆಳೆಯಲ್ಲಿ ಒಂದು ಪಾಲು ಮಾತ್ರ.

ಉಳಿದವರ ಗತಿ ದೆಹಲಿಯ ಬಜೆಟ್ಟಿನಲ್ಲಿದೆ. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದರು. ಗೂಡಿನ ಬೆಲೆ ನೆಲಕಚ್ಚಿ ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದು ಶೇ 15 ಆಯಿತು, ಮುಂದೆ 10ಕ್ಕೆ ಇಳಿದು 2021ರಲ್ಲಿ ಮತ್ತೆ 15ಕ್ಕೆ ಏರಿತು. ಸುಂಕ ಏರಿದಾಗ ನೂಲು ದುಬಾರಿ ಎಂದು ನೇಕಾರರ ತಕರಾರು, ಇಳಿದಾಗ ಬೆಳೆಗಾರರದ್ದು.